ಕಡಲೆ ಓದಿದ ಪುಸ್ತಕಗಳು

ಜುಲೈ 3

ಲೈಬ್ರರಿ ಮೇಡಂ ಅವರಿಗೆ ನಮಸ್ಕಾರ.

ನನ್ನನ್ನು ನೀವು ನೋಡಿಲ್ಲ. ಕಳೆದ ಮಾರ್ಚ್‌ನಲ್ಲಿ ತಾನಾಗಿಯೇ ಜೀವ ತೆಗೆದುಕೊಂಡಳಲ್ಲ, ನಿಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿ, ಅವಳ ಅಪ್ಪ ನಾನು. ಹೀಗೆ ನೇರವಾಗಿ ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಎದುರು ಎಲ್ಲರೂ ಆ ಮಾತನ್ನು ಸುತ್ತಿ ಬಳಸಿ ಹೇಳುತ್ತಾರೆ. ಕೇಳಿ ಕೇಳಿ ಸುಸ್ತಾಗಿದೆ.

ನಾನಿರುವುದು ನಿಮ್ಮಿಂದ ಎರಡು ದಿನದ ದಾರಿ, ಬಂದರಿನ ಹತ್ತಿರ. ಮೀನು, ಮಾಂಸ ಇಡುವ ಕೋಲ್ಡ್ ಸ್ಟೋರೇಜ್‌ನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಮುಕ್ಕಾಲು ಗಂಟೆ ಒಳಗಿದ್ದರೆ ಹತ್ತು ನಿಮಿಷ ಹೊರಗೆ ಬಂದು ಮೈ ಬೆಚ್ಚಗೆ ಮಾಡಿಕೊಳ್ಳಬೇಕು, ಅದು ಇಲ್ಲಿನ ನಿಯಮ. ಅದಕ್ಕೆಂದೇ ಒಂದು ಪುಟ್ಟ ಕೋಣೆಯಿದೆ. ಒಂದು ಹೀಟರ್, ಎರಡು ಬೆಂಚು. ಈ ಪತ್ರವನ್ನು ಅಲ್ಲೇ ಕೂತು ಹತ್ತು ಹತ್ತು ನಿಮಿಷದ ಕಂತಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೆರಳು ಇನ್ನೂ ಮರಗಟ್ಟಿದೆ ಎಂದುಕೊಳ್ಳಿ. ಫೋನ್ ಮಾಡಬಹುದಿತ್ತು, ಆದರೆ ಆ ಕಡೆಯವರು ಶಾಲೆ ಎಂದ ತಕ್ಷಣ ಇಟ್ಟುಬಿಡುತ್ತೇನೆ.

ಮಗಳು ನಾಲ್ಕು ವರ್ಷದವಳಿದ್ದಾಗ ಅವಳಮ್ಮ ತೀರಿಕೊಂಡಳು. ಅಂದಿನಿಂದ ನನ್ನ ಅಕ್ಕನ ಮನೆಯಲ್ಲೇ ಬೆಳೆದಳು. ಹುಟ್ಟಿದಾಗ ಕಡಲೆಕಾಳಿನಷ್ಟಿದ್ದಳು, ಹಾಗಾಗಿ ಮನೆಯವರಿಗೆಲ್ಲ ಅವಳು ಕಡಲೆ. ದಿನಾ ಸಂಜೆ ಫೋನ್‌ನಲ್ಲಿ ಕೇಳುತ್ತಿದ್ದೆ, "ಊಟದ ಬಿಡುವಲ್ಲಿ ಎಲ್ಲಿದ್ದೆ ಕಡಲೆ?" "ಲೈಬ್ರರೀಲಿ ಅಪ್ಪಾ." ಪ್ರತಿದಿನ ಇದೇ ಉತ್ತರ.

ಅದಕ್ಕೇ ನನ್ನದೊಂದು ಕೋರಿಕೆ. ಅವಳು ಓದಿದ ಪುಸ್ತಕಗಳ ಲೆಕ್ಕ ನಿಮ್ಮ ಹತ್ತಿರ ಇರುತ್ತದಲ್ಲ, ಆ ಹೆಸರುಗಳನ್ನು ಬರೆದು ಕಳಿಸುತ್ತೀರಾ? ಅವೇ ಪುಸ್ತಕಗಳನ್ನು ಹುಡುಕಿ ಓದಬೇಕೆಂದಿದ್ದೇನೆ. ನಾನೇನು ಓದುವ ಆಸಾಮಿಯಲ್ಲ, ಹತ್ತನೇ ಕ್ಲಾಸನ್ನು ಗೋಡೆ ಹಾರಿದ ಹಾಗೆ ದಾಟಿದವನು. ಆದರೂ ಓದುತ್ತೇನೆ.

ಕಡಲೆಯ ಅಪ್ಪ


ಜುಲೈ 14

ಕಡಲೆಯ ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿ ವಾರವಾಯಿತು. ಪಟ್ಟಿ ಮಾಡಲು ಸ್ವಲ್ಪ ಸಮಯ ಹಿಡಿಯಿತು, ಕ್ಷಮೆಯಿರಲಿ.

ಪುಸ್ತಕಗಳ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಪ್ರಕಾಶಕರ ವಿಳಾಸದ ಸಮೇತ. ಒಟ್ಟು ಏಳು. ಮೊದಲನೆಯದು ದ್ವೀಪವೊಂದರಲ್ಲಿ ಗಾಳಿ ಮಳೆಯ ಲೆಕ್ಕ ಬರೆದಿಡುತ್ತ ಹನ್ನೊಂದು ವರ್ಷ ಒಬ್ಬನೇ ಕಳೆದವನ ದಿನಚರಿ. ಎರಡನೆಯದು ಗಡಿಯಾರ ರಿಪೇರಿ ಮಾಡುತ್ತ ಊರೂರು ಅಲೆದ ಹೆಂಗಸೊಬ್ಬಳ ಕಥೆ. ಮೂರನೆಯದು ವಲಸೆ ಹೋಗುವ ಹಕ್ಕಿಗಳ ಬಗ್ಗೆ. ಸ್ವಲ್ಪ ದಪ್ಪ ಪುಸ್ತಕ, ಹೆದರಬೇಡಿ, ಚಿತ್ರಗಳಿವೆ. ಉಳಿದವು ಪಟ್ಟಿಯಲ್ಲಿವೆ.

ನಿಮ್ಮ ಮಗಳು ತುಂಬ ಶಾಂತ ಸ್ವಭಾವದವಳು. ಒಳಗಿನ ಕಪಾಟಿನ ಹಿಂದೆ ಕಿಟಕಿ ಪಕ್ಕದ ಕುರ್ಚಿ ಅವಳದ್ದು. ನನಗೆ ಅವಳಿಂದ ಒಂದು ದಿನವೂ ತೊಂದರೆಯಾಗಲಿಲ್ಲ.

ಇಲ್ಲಿ ಏನೇನು ನಡೆಯುತ್ತಿದೆ ಎಂದು ನಿಮಗೆ ಯಾರೂ ತಿಳಿಸಿರಲಿಕ್ಕಿಲ್ಲ. ಶಾಲೆ ಶುರುವಾದ ವಾರ ಆಪ್ತಸಮಾಲೋಚಕಿಯೊಬ್ಬರು ಬಂದು ಎರಡು ದಿನ ಇದ್ದರು. ಮಕ್ಕಳನ್ನು ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿ ಉಸಿರಾಡುವುದನ್ನು ಹೇಳಿಕೊಟ್ಟು ಹೋದರು. 'ಎಲ್ಲರಲ್ಲೂ ದಯೆಯಿರಲಿ' ಎಂಬ ಪೋಸ್ಟರ್‌ಗಳನ್ನು ಸಿಕ್ಕ ಗೋಡೆಗೆಲ್ಲ ಅಂಟಿಸಿದ್ದಾರೆ, ಶೌಚಾಲಯದ ಬಾಗಿಲನ್ನೂ ಬಿಟ್ಟಿಲ್ಲ. ಮಕ್ಕಳು ಗುಟ್ಟಾಗಿ ದೂರು ಬರೆದು ಹಾಕಲಿ ಎಂದು ಪೆಟ್ಟಿಗೆಯೊಂದನ್ನು ಇಟ್ಟಿದ್ದಾರೆ. ಇಟ್ಟದ್ದು ಹೆಡ್ ಮೇಡಂ ಕೋಣೆಯ ಎದುರಿಗೇ, ಅವರ ಕುರ್ಚಿಯಿಂದ ನೇರ ಕಾಣುವ ಹಾಗೆ! ಇದುವರೆಗೆ ಅದರೊಳಗೆ ಬಿದ್ದಿರುವುದು ಚಾಕೊಲೇಟ್ ಕಾಗದ ಮಾತ್ರ. ಐದು ಜನರ ಸಮಿತಿಯೊಂದು ವಿಚಾರಣೆ ನಡೆಸುತ್ತಿದೆ. ನನ್ನಿಂದಲೂ ಒಂದು ಹೇಳಿಕೆ ಬರೆಸಿಕೊಂಡರು.

ಓದಿದ ಮೇಲೆ ಹೇಗನ್ನಿಸಿತೆಂದು ಬರೆದರೆ ಸಂತೋಷ.

ಇಂತಿ,
ಲೈಬ್ರರಿ ಮೇಡಂ


ಆಗಸ್ಟ್ 2

ಮೇಡಂ ಅವರಿಗೆ,

ದ್ವೀಪದವನು ಮುಗಿದ. ಗಡಿಯಾರದ ಹೆಂಗಸು ಅರ್ಧ ಆಗಿದ್ದಾಳೆ.

ಮೊದಲ ಪುಸ್ತಕ ಬಂದರಿನ ಆಚೆ ಬೀದಿಯ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವನು ಧೂಳು ಕೊಡವಿ ಕೊಡುತ್ತ, "ಇದನ್ನ ಕೇಳ್ಕೊಂಡು ಬಂದ ಮೊದಲನೇ ಮನುಷ್ಯ ನೀವು" ಎಂದ. ಹೀಟರ್ ಕೋಣೆಯಲ್ಲಿ ನಾನು ಪುಸ್ತಕ ತೆಗೆದರೆ ಜೊತೆಯವರು ಎದ್ದು ನಿಲ್ಲುತ್ತಾರೆ. "ಮೇಷ್ಟ್ರು ಬಂದ್ರು, ಬೀಡಿ ಆರಿಸ್ರೋ" ಎನ್ನುತ್ತಾರೆ. ನಗಲಿ, ಬಿಡಿ. ದ್ವೀಪದವನು ಒಂದು ಕಡೆ ಬರೆಯುತ್ತಾನೆ, ಇಡೀ ವಾರ ಮಾತಾಡದೆ ಇದ್ದವನು ಭಾನುವಾರ ನನ್ನ ಹೆಸರನ್ನು ನಾನೇ ಜೋರಾಗಿ ಕರೆದುಕೊಂಡು ನೋಡಿದೆ ಅಂತ. ಅದನ್ನು ಓದಿ ಹತ್ತು ನಿಮಿಷ ಮುಗಿದದ್ದೇ ಗೊತ್ತಾಗಲಿಲ್ಲ. ಸೂಪರ್‌ವೈಸರ್ ಬಂದು ಭುಜ ಅಲ್ಲಾಡಿಸಿದ. ಈ ಪುಟವನ್ನು ನನ್ನ ಕಡಲೆಯೂ ಓದಿದ್ದಾಳೆ ಎಂದುಕೊಂಡು ಒಳಗೆ ಹೋದೆ.

ಇನ್ನೊಂದು ವಿಷಯ. ಶಾಲೆಯಿಂದ ಒಂದು ಕಾಗದ ಬಂದಿದೆ. ನನ್ನ ಕಡೆಯಿಂದ ಯಾವ ದೂರೂ ಇಲ್ಲವೆಂದು ಸಹಿ ಮಾಡಿ ಆಗಸ್ಟ್ ಮೂವತ್ತೊಂದರೊಳಗೆ ಕಳಿಸಿದರೆ ವಿಚಾರಣೆ ಮುಗಿಯುತ್ತದಂತೆ. ಅದರ ಜೊತೆ ನಿಮ್ಮ ಹೇಳಿಕೆಯ ನಕಲು ಇಟ್ಟಿದ್ದಾರೆ. 'ಓದಿನಲ್ಲಿ ಅಪಾರ ಆಸಕ್ತಿಯಿದ್ದ, ಏಕಾಂತವನ್ನು ಇಷ್ಟಪಡುತ್ತಿದ್ದ ಮಗು. ಯಾರಿಂದಲೂ ತೊಂದರೆಯಿದ್ದಂತೆ ನನ್ನ ಗಮನಕ್ಕೆ ಬಂದಿಲ್ಲ.' ಇದನ್ನು ಎಷ್ಟು ಸಲ ಓದಿದೆನೋ. ಅಕ್ಕ ಮಾತ್ರ ಫೋನ್‌ನಲ್ಲಿ ಕೂಗಾಡುತ್ತಾಳೆ, "ಸಹಿ ಗಿಹಿ ಹಾಕಿದ್ರೆ ನನ್ನ ಮುಖ ನೋಡ್ಬೇಡ" ಅಂತ. ಆದರೆ ನಿಮ್ಮಂಥವರು ದಿನಾ ಕಣ್ಣಾರೆ ನೋಡಿ ಬರೆದ ಮೇಲೆ ನಾನು ಯಾರ ಮೇಲೆಂದು ಜಗಳ ತೆಗೆಯಲಿ? ತಿಂಗಳ ಕೊನೆಗೆ ಸಹಿ ಮಾಡಿ ಕಳಿಸುತ್ತೇನೆ.

ಗಡಿಯಾರದ ಹೆಂಗಸಿನ ಕಥೆಯಲ್ಲಿ ಕಡಲೆಗೆ ಯಾವ ಭಾಗ ಇಷ್ಟವಾಗಿತ್ತು? ನಿಮಗೇನಾದರೂ ಹೇಳಿದ್ದಳಾ?

ಕಡಲೆಯ ಅಪ್ಪ


ಆಗಸ್ಟ್ 9

ಕಡಲೆಯ ಅಪ್ಪನವರಿಗೆ,

ನಿಮ್ಮ ಪತ್ರವನ್ನು ಮನೆಗೆ ತಂದು ಓದಿದೆ. ಮನೆಯೆಂದರೆ ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ. ಕೆಳಗೆ ಹೊಲಿಗೆ ಯಂತ್ರ ನಿಂತರೆ ಸಂಜೆ ಏಳಾಯಿತು ಎಂದರ್ಥ. ಆಮೇಲೆ ಬೆಳಗಿನವರೆಗೆ ಯಾರ ಸದ್ದೂ ಇಲ್ಲ. ತಮ್ಮನೊಬ್ಬ ಇದ್ದಾನೆ, ವರ್ಷಕ್ಕೊಮ್ಮೆ ಅವನಿಗೆ ನೆನಪಾಗುತ್ತೇನೆ. ನನಗೆ ಪತ್ರ ಬರದೆ ಎಷ್ಟೋ ವರ್ಷವಾಗಿತ್ತು. ಲೈಬ್ರರಿಯ ಬಾಗಿಲ ಸಂದಿಯಲ್ಲಿ ನಿಮ್ಮ ಲಕೋಟೆ ಕಂಡಾಗ ಚಪ್ಪಲಿ ಬಿಡುವುದನ್ನೂ ಮರೆತೆ.

ದ್ವೀಪದವನು ತನ್ನ ಹೆಸರನ್ನು ತಾನೇ ಕರೆಯುವ ಪುಟ ನನಗೂ ತುಂಬ ಇಷ್ಟ. ಇನ್ನೂ ಎರಡು ಪುಸ್ತಕಗಳ ಹೆಸರು ಕೆಳಗೆ ಬರೆದಿದ್ದೇನೆ. ಮೊದಲ ಪಟ್ಟಿಯಲ್ಲಿ ಬಿಟ್ಟುಹೋಗಿದ್ದವು.

ಕಡಲೆ ಹೆಚ್ಚು ಮಾತಾಡುತ್ತಿರಲಿಲ್ಲ, ಹಾಗಾಗಿ ಯಾವ ಭಾಗ ಇಷ್ಟವಾಗಿತ್ತೆಂದು ಹೇಳಲಾರೆ. ಸಹಿಯ ವಿಷಯ ನಿಮ್ಮ ಮನೆಯವರಿಗೆ ಬಿಟ್ಟದ್ದು. ಅದರಲ್ಲಿ ನಾನು ಮೂಗು ತೂರಿಸುವುದು ಸರಿಯಲ್ಲ.

ಚಳಿಯಲ್ಲಿ ಜೋಪಾನ.

ಲೈಬ್ರರಿ ಮೇಡಂ


ಆಗಸ್ಟ್ 17

ಕಡಲೆಯ ಅಪ್ಪನವರಿಗೆ,

ನಿಮ್ಮ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಆ ಕಾಗದಕ್ಕೆ ಸಹಿ ಹಾಕಬೇಡಿ. ಉಳಿದದ್ದನ್ನು ಓದುತ್ತೀರೋ ಹರಿದೆಸೆಯುತ್ತೀರೋ, ಇದೊಂದು ಸಾಲು ನಿಮ್ಮನ್ನು ಮುಟ್ಟಿದರೆ ಸಾಕು.

ನಾನು ಕಳಿಸಿದ ಪಟ್ಟಿ ಸುಳ್ಳು. ನಿಮ್ಮ ಮೊದಲ ಪತ್ರ ಬಂದ ದಿನ ಅವಳ ಕಾರ್ಡ್ ತೆಗೆದು ನೋಡಿದೆ. ಅದರಲ್ಲಿ ಒಂದು ಪುಸ್ತಕದ ಹೆಸರೂ ಇಲ್ಲ. ಮಗಳನ್ನು ಕಳೆದುಕೊಂಡವರಿಗೆ ಖಾಲಿ ಕಾರ್ಡ್ ಹೇಗೆ ಕಳಿಸಲಿ? ವಾರವಿಡೀ ಯೋಚಿಸಿ, ನನಗೆ ಇಷ್ಟವಾದ ಪುಸ್ತಕಗಳ ಹೆಸರನ್ನೇ ಬರೆದುಬಿಟ್ಟೆ. ನನ್ನ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಂದು ಮಗುವೂ, ಒಬ್ಬ ಟೀಚರೂ ಮುಟ್ಟದ ಪುಸ್ತಕಗಳು ಅವು. ನೀವು ಓದಿ ಬರೆದಾಗ ಎಷ್ಟು ಸಂತೋಷವಾಯಿತೆಂದರೆ, ಅದು ನಿಮ್ಮ ಮಗಳ ಸಾವಿನ ಮೇಲೆ ಕಟ್ಟಿದ ಸಂತೋಷ ಎನ್ನುವುದನ್ನೇ ಮರೆತೆ. ನಾಚಿಕೆಯಾಗುತ್ತದೆ.

ಲೈಬ್ರರಿಗೆ ಬಂದವರು ಹೆಸರು, ಸಮಯ ಬರೆದು ಸಹಿ ಮಾಡುವ ಒಂದು ರಿಜಿಸ್ಟರ್ ಇದೆ. ಅದರಲ್ಲಿ ನಿಮ್ಮ ಮಗಳ ಸಹಿ ನೂರಾ ಹದಿನೆಂಟು ದಿನ ಇದೆ. ಹನ್ನೆರಡೂ ನಲವತ್ತಕ್ಕೆ ಬಂದರೆ ಒಂದೂ ಇಪ್ಪತ್ತರ ಗಂಟೆಗೆ ಹೊರಗೆ. ಶಾಲೆ ತೆರೆದ ಒಂದು ದಿನವೂ ತಪ್ಪಿಲ್ಲ. ನೂರಾ ಹದಿನೆಂಟು ದಿನ ಬಂದವಳು ಒಂದು ಪುಸ್ತಕವನ್ನೂ ಮನೆಗೆ ಒಯ್ದಿಲ್ಲ. ಇದೇನು ವಿಚಿತ್ರ ಎಂದು ಒಮ್ಮೆಯೂ ನನಗೆ ಹೊಳೆಯಲಿಲ್ಲ. ಗಲಾಟೆ ಮಾಡದ ಮಗು ನನ್ನ ಪಾಲಿಗೆ ಇಲ್ಲದ ಮಗುವೇ ಆಗಿತ್ತು.

ನೀವು ಸಹಿ ಹಾಕುತ್ತೇನೆಂದು ಬರೆದ ಮೇಲೆ ನನಗೆ ಊಟ ಸೇರಲಿಲ್ಲ. ಮೊನ್ನೆ ವರಾಂಡ ಒರೆಸುತ್ತಿದ್ದ ಆಯಾಳನ್ನು ಕೇಳಿದೆ. ಅವಳು ಬಕೆಟ್ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ಎಲ್ರಿಗೂ ಗೊತ್ತಿತ್ತಲ್ಲ ಮೇಡಂ, ನಿಮಗೊಬ್ರಿಗೇ ಗೊತ್ತಿರಲಿಲ್ವಾ?" ಎಂದಳು. ಕ್ಲಾಸಿನಲ್ಲಿ ಜೋರಾಗಿ ಓದಲು ಎಬ್ಬಿಸಿದರೆ ಕಡಲೆ ಪದ ಪದಕ್ಕೂ ನಿಂತುಬಿಡುತ್ತಿದ್ದಳಂತೆ. ಅದಕ್ಕೆ ಮಕ್ಕಳು ಇಟ್ಟ ಹೆಸರು 'ಬ್ರೇಕ್'. ಅವಳು ನಡೆದು ಬಂದರೆ ಸಾಕು, ಹತ್ತಿಪ್ಪತ್ತು ಮಂದಿ ಒಟ್ಟಿಗೆ ಬಸ್ಸಿನ ಬ್ರೇಕ್ ಹಾಕಿದಂತೆ ಕಿರ್ರೆಂದು ಕೂಗುತ್ತಿದ್ದರು. ಕ್ಲಾಸ್ ಟೀಚರ್ ಕೂಡ ಒಮ್ಮೆ "ಬ್ರೇಕ್ ಬಿಡಮ್ಮ, ಗಾಡಿ ಹೋಗ್ಲಿ" ಎಂದು ನಕ್ಕರಂತೆ. ಆಮೇಲೆ ಕೇಳಬೇಕೇ? ಆ ಕೂಗು ನನ್ನ ಮೇಜಿನವರೆಗೂ ಕೇಳುತ್ತಿತ್ತು. ಏನೋ ಆಟ ಎಂದುಕೊಂಡು ಕಿಟಕಿ ಹಾಕಿಕೊಳ್ಳುತ್ತಿದ್ದೆ.

ಇನ್ನೊಂದು ಉಳಿದಿದೆ. ಇದನ್ನು ಬರೆಯಲು ಮೂರು ಹಾಳೆ ಹಾಳು ಮಾಡಿದೆ.

ಪ್ರತಿ ಮಾರ್ಚ್‌ನಲ್ಲಿ ಪುಸ್ತಕಗಳ ಎಣಿಕೆಗೆಂದು ಲೈಬ್ರರಿಯನ್ನು ಹನ್ನೆರಡು ದಿನ ಮುಚ್ಚುತ್ತೇನೆ. ಎಣಿಸುವಾಗ ಒಂದು ಪುಸ್ತಕ ಆಚೀಚೆಯಾದರೂ ಇಡೀ ಕಪಾಟನ್ನು ಮತ್ತೆ ಎಣಿಸಬೇಕು, ಅದಕ್ಕೆ ಯಾರನ್ನೂ ಒಳಗೆ ಬಿಡುವುದಿಲ್ಲ. ಮೊದಲ ದಿನ ಕಡಲೆ ಊಟದ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. "ಮೇಡಂ, ನಾನು ಧೂಳು ಒರೆಸಿಕೊಡ್ತೀನಿ, ಒಳಗೆ ಇರ್ಲಾ?" ಎಂದು ಕೇಳಿದಳು. "ರೂಲ್ಸ್ ಅಂದ್ರೆ ರೂಲ್ಸ್. ಹೋಗು, ಒಂದಿಷ್ಟು ಆಟ ಆಡು" ಎಂದು ಚಿಲಕ ಹಾಕಿಕೊಂಡೆ. ಆಮೇಲೆ ದಿನವೂ ಅವಳು ಆ ಮುಚ್ಚಿದ ಬಾಗಿಲ ಹೊರಗೇ ನಿಂತಿರುತ್ತಿದ್ದಳಂತೆ, ಬ್ರೇಕ್ ಎಂದು ಕೂಗುವವರೂ ಅಲ್ಲಿಗೇ ಹುಡುಕಿಕೊಂಡು ಬರುತ್ತಿದ್ದರಂತೆ. ಇದನ್ನೂ ಆಯಾಳೇ ಹೇಳಿದ್ದು. ಒಂಬತ್ತನೇ ದಿನ ಅವಳು ಶಾಲೆಗೆ ಬರಲಿಲ್ಲ. ಆ ಸಂಜೆ ಸುದ್ದಿ ಬಂತು.

ಹೇಳಿಕೆಯನ್ನು ಹೆಡ್ ಮೇಡಂ ಹೇಳಿದಂತೆ ಬರೆದೆ, ನಿಜ. ಆದರೆ ಪೆನ್ನು ನನ್ನ ಕೈಯಲ್ಲೇ ಇತ್ತು. ರಿಜಿಸ್ಟರನ್ನು ಹಳೇ ಕಾಗದದ ಜೊತೆ ವಿಲೇವಾರಿ ಮಾಡಿ ಎಂದು ನಿನ್ನೆ ಚೀಟಿ ಬಂದಿದೆ. ಅದನ್ನು ಮನೆಗೆ ತಂದಿಟ್ಟುಕೊಂಡಿದ್ದೇನೆ. ನೀವು ದೂರು ಕೊಟ್ಟರೆ ಅದನ್ನು ಹಿಡಿದುಕೊಂಡು ಸಮಿತಿಯ ಮುಂದೆ ನಿಲ್ಲುತ್ತೇನೆ.

ನೀವು ಇನ್ನು ನನಗೆ ಬರೆಯಲಿಕ್ಕಿಲ್ಲ. ಬರೆಯಬೇಕಿಲ್ಲ ಕೂಡ.

ಲೈಬ್ರರಿಯವಳು


ಸೆಪ್ಟೆಂಬರ್ 6

ಮೇಡಂ,

ನಿಮ್ಮ ಪತ್ರ ಇಪ್ಪತ್ತೆಂಟಕ್ಕೆ ಬಂತು. ಸಹಿ ಮಾಡಿ ಲಕೋಟೆ ಅಂಟಿಸಿ ಆಗಿತ್ತು, ಅಂಚೆಗೆ ಹಾಕುವುದೊಂದೇ ಬಾಕಿ. ಹೀಟರ್ ಕೋಣೆಯಲ್ಲಿ ಎಲ್ಲರ ಎದುರಿಗೆ ಹರಿದು ಹಾಕಿದೆ. ಆಮೇಲೆ ನಿಮಗೆ ಬಾಯಿಗೆ ಬಂದಂತೆ ಬೈದು ನಾಲ್ಕು ಪುಟ ಬರೆದೆ. ಅದನ್ನೂ ಹರಿದೆ. ಯಾಕೆಂದು ಹೇಳುತ್ತೇನೆ.

ಕಡಲೆಗೆ ಓದಲು ಬರುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. "ಅಪ್ಪಾ, ಅಕ್ಷರ ಎಲ್ಲಾ ಕುಣೀತವೆ" ಎನ್ನುತ್ತಿದ್ದಳು. ಬ್ರೇಕ್ ಎನ್ನುವ ಹೆಸರೂ ಗೊತ್ತಿತ್ತು, ಅವಳೇ ಹೇಳಿದ್ದಳು. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಅತ್ತುಕೊಂಡು, "ಬಂದು ಕರ್ಕೊಂಡು ಹೋಗಪ್ಪಾ" ಎಂದಳು. ಇಲ್ಲಿನ ಒಪ್ಪಂದ ಮುಗಿಯಲು ಒಂದು ವರ್ಷವಿತ್ತು. ನಾನೇ ಹೇಳಿದೆ, "ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ ಮಗಳೇ. ಊಟದ ಬಿಡುವಲ್ಲಿ ಲೈಬ್ರರಿಗೆ ಹೋಗಿ ಕೂತ್ಕೋ. ಅಲ್ಲಿ ಯಾರೂ ಮಾತಾಡೋ ಹಾಗಿಲ್ಲ, ನಿನ್ನ ತಂಟೆಗೆ ಬರಲ್ಲ." ಅತ್ತೆಗೆ ಹೇಳಬೇಡ, ಸುಮ್ಮನೆ ದೊಡ್ಡದು ಮಾಡುತ್ತಾಳೆ ಎಂದೂ ಹೇಳಿದೆ. ಬಹಳ ಜಾಣತನದ ಸಲಹೆ ಕೊಟ್ಟೆ ಎಂದುಕೊಂಡಿದ್ದೆ.

ಅದಕ್ಕೇ ಪಟ್ಟಿ ಕೇಳಿದ್ದು. ಅಲ್ಲಿ ಕೂತು ಕೂತು ಹೇಗೋ ಓದಲು ಕಲಿತಿದ್ದರೆ, ನಾನು ಹೇಳಿದ್ದು ಪೂರ್ತಿ ತಪ್ಪಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ದ್ವೀಪದವನ ಮೂರನೇ ಪುಟಕ್ಕೇ ನನಗೆ ತಿಳಿಯಿತು, ಇದನ್ನು ನನ್ನ ಮಗಳು ಓದಿರಲು ಸಾಧ್ಯವಿಲ್ಲ. ಆದರೂ ಓದಿದೆ. ನಿಮ್ಮ ಸುಳ್ಳು ನನಗೂ ಬೇಕಾಗಿತ್ತು. ಆ ಸಹಿಯೂ ಹಾಗೇ. ಶಾಲೆಯಲ್ಲಿ ಏನೂ ನಡೆದಿಲ್ಲ ಎಂದಾದರೆ, ಅವಳು ನನಗೆ ಏನೂ ಹೇಳಿರಲಿಲ್ಲ ಎಂದೂ ಆಗುತ್ತದಲ್ಲ.

ಮಾರ್ಚ್‌ನಲ್ಲಿ ಒಂದು ಸಂಜೆ "ಲೈಬ್ರರಿ ಮುಚ್ಚಿದಾರೆ ಅಪ್ಪಾ" ಎಂದಳು. ನಾನು ಆಗಷ್ಟೇ ಚಳಿಯಿಂದ ಹೊರಗೆ ಬಂದಿದ್ದೆ, ಕಿವಿ ಸೆಟೆದಿತ್ತು. "ಮತ್ತೆ ತೆಗೀತಾರೆ ಬಿಡು" ಎಂದು ಫೋನ್ ಇಟ್ಟೆ.

ದೂರು ಬರೆದು ಕಳಿಸಿದ್ದೇನೆ. ಸಮಿತಿ ಇಪ್ಪತ್ತೈದಕ್ಕೆ ಕರೆದಿದೆ. ಬರುತ್ತೇನೆ. ರಿಜಿಸ್ಟರ್ ತನ್ನಿ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ನೋಡಿದೆ, ಕೈ ಬರಲಿಲ್ಲ.

ಕಡಲೆಯ ಅಪ್ಪ


ಅಕ್ಟೋಬರ್ 4

ಮೇಡಂ,

ವಾಪಸ್ ಬಂದು ಮೂರು ದಿನವಾಯಿತು. ವಿಚಾರಣೆಯ ದಿನ ನಿಮ್ಮನ್ನು ಮಾತಾಡಿಸದೆ ಬಂದೆ. ಮಾತಾಡಿಸಬಾರದು ಅಂತಲ್ಲ, ಬಾಯಿ ತೆರೆದರೆ ಏನು ಹೊರಬರುತ್ತದೋ ಎಂದು ಭಯವಾಯಿತು. ನೀವು ಇಷ್ಟು ಕುಳ್ಳಗಿದ್ದೀರಿ ಎಂದುಕೊಂಡಿರಲಿಲ್ಲ. ಕಡಲೆ "ಮೇಡಂ ತುಂಬಾ ಎತ್ತರ" ಎನ್ನುತ್ತಿದ್ದಳು.

ನೀವು ನಿಂತುಕೊಂಡು ಒಂದೊಂದೇ ದಿನಾಂಕ ಓದಿದಿರಿ. ಹೆಡ್ ಮೇಡಂ ನಡುವೆ "ಸಾಕು, ಗೊತ್ತಾಯ್ತು" ಎಂದರು. "ಇನ್ನೂ ಎಂಬತ್ತು ಇವೆ" ಎಂದು ನೀವು ಓದುತ್ತಲೇ ಹೋದಿರಿ. ಬಾಗಿಲು ಮುಚ್ಚಿ ಅವಳನ್ನು ಕಳಿಸಿದ್ದನ್ನೂ ನೀವಾಗಿಯೇ ಹೇಳಿದಿರಿ. ಆಮೇಲೆ ನನಗೂ ಎದ್ದು ನನ್ನ ಪಾಲಿನದನ್ನು ಹೇಳಲು ಧೈರ್ಯ ಬಂತು. ಅಕ್ಕ ಅಲ್ಲಿಂದ ಎದ್ದು ಹೋದಳು. ಇನ್ನೂ ನನ್ನ ಫೋನ್ ಎತ್ತಿಲ್ಲ.

ಬ್ರೇಕ್ ಎಂದು ಮೊದಲು ಕೂಗಿದ ಹುಡುಗಿಯನ್ನು ಅವಳಮ್ಮ ಕೈ ಹಿಡಿದು ಕರೆತಂದಿದ್ದರು. ಅವಳನ್ನು ಕಂಡರೆ ಬೈದೇ ಬಿಡುತ್ತೇನೆ ಎಂದುಕೊಂಡಿದ್ದೆ. ನೋಡಿದರೆ ಕಡಲೆಯಷ್ಟೇ ಎತ್ತರ, ಮೂಗು ಸುರಿಸಿಕೊಂಡು ನಿಂತಿತ್ತು.

ಪೀಡನೆ ನಡೆದದ್ದು ನಿಜ, ಶಾಲೆಗೆ ಗೊತ್ತಿದ್ದೂ ತಡೆಯಲಿಲ್ಲ ಎಂದು ಸಮಿತಿ ಬರೆದುಕೊಟ್ಟಿದೆ. ಕಾಗದವನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಇದು ಕೈಗೆ ಬಂದ ದಿನ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದೆ. ಇಲ್ಲ.

ಈಗ ನನಗೆ ಪುಸ್ತಕದ ಹೆಸರು ಬೇಡ. ನೂರಾ ಹದಿನೆಂಟು ದಿನ, ದಿನಕ್ಕೆ ನಲವತ್ತು ನಿಮಿಷ. ಅಷ್ಟು ಹೊತ್ತು ಅವಳನ್ನು ನಾನೂ ನೋಡಿಲ್ಲ. ನನ್ನ ಮಗಳು ಅಲ್ಲಿ ಕೂತು ಏನು ಮಾಡುತ್ತಿದ್ದಳು ಮೇಡಂ? ಗೊತ್ತಿದ್ದಷ್ಟು ಬರೆಯಿರಿ. ಇಲ್ಲದ್ದನ್ನು ಸೇರಿಸಬೇಡಿ.

ಕಡಲೆಯ ಅಪ್ಪ


ಅಕ್ಟೋಬರ್ 15

ಕಡಲೆಯ ಅಪ್ಪನವರಿಗೆ,

ಇಲ್ಲಿ ಯಾರೂ ನನ್ನ ಜೊತೆ ಜಗಳವಾಡಿಲ್ಲ. ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ, ಅಷ್ಟೇ. ಹಾಗಾಗಿ ಈಗ ಊಟದ ಬಿಡುವಿನಲ್ಲಿ ಲೈಬ್ರರಿಯಲ್ಲೇ ಇರುತ್ತೇನೆ. ಹೊತ್ತು ಹೋಗುವುದೇ ಇಲ್ಲ. ನಲವತ್ತು ನಿಮಿಷ ಎಂದರೆ ಎಷ್ಟು ಉದ್ದವೆಂದು ಈಗ ತಿಳಿಯುತ್ತಿದೆ.

ನೀವು ಕೇಳಿದ್ದಕ್ಕೆ ವಾರದಿಂದ ನೆನಪು ಕೆದಕುತ್ತಿದ್ದೇನೆ. ಸಿಕ್ಕಿದ್ದು ಇಷ್ಟೇ.

ರಿಜಿಸ್ಟರ್‌ನಲ್ಲಿ ಹೆಸರು ಬರೆಯಲು ಅವಳಿಗೆ ಹೊತ್ತು ಹಿಡಿಯುತ್ತಿತ್ತು. ಹಿಂದೆ ಯಾರಾದರೂ ಬಂದರೆ ಪಕ್ಕಕ್ಕೆ ಸರಿದು, ಅವರು ಬರೆದಾದ ಮೇಲೆ ಮತ್ತೆ ಬರೆಯುತ್ತಿದ್ದಳು. ಊಟವನ್ನು ಎಲ್ಲಿ ಮುಗಿಸಿಕೊಂಡು ಬರುತ್ತಿದ್ದಳೋ ಗೊತ್ತಿಲ್ಲ. ಒಳಗೆ ಡಬ್ಬಿ ತೆರೆಯುವ ಹಾಗಿರಲಿಲ್ಲ. ಅದೂ ನನ್ನದೇ ನಿಯಮ. ಕುರ್ಚಿಯನ್ನು ಎಳೆಯುತ್ತಿರಲಿಲ್ಲ, ಎರಡೂ ಕೈಯಲ್ಲಿ ಎತ್ತಿ ಇಡುತ್ತಿದ್ದಳು. ಎದುರಿಗೆ ಯಾವುದೋ ಪುಸ್ತಕ ತೆರೆದಿರುತ್ತಿತ್ತು. ಯಾವುದೆಂದು ನಾನು ನೋಡಿಲ್ಲ. ಹೊರಗೆ ಗಂಟೆ ಹೊಡೆದರೂ ಎಲ್ಲರೂ ಹೋಗುವವರೆಗೆ ಏಳುತ್ತಿರಲಿಲ್ಲ. ಹೋಗುವಾಗ "ಬರ್ತೀನಿ ಮೇಡಂ" ಎನ್ನುತ್ತಿದ್ದಳು. ನಾನು ತಲೆಯೆತ್ತದೆ ಹ್ಞೂಂ ಎನ್ನುತ್ತಿದ್ದೆ. ಅವಳ ಮುಖ ನನಗೆ ಸರಿಯಾಗಿ ನೆನಪಿರುವುದು ಆ ಬಾಗಿಲಲ್ಲಿ ನಿಂತ ದಿನದ್ದು ಮಾತ್ರ.

ಇನ್ನೊಂದು ಇದೆ. ಬರೆಯಲೋ ಬೇಡವೋ ಎಂದು ಎರಡು ದಿನ ತಡೆದೆ. ಇಲ್ಲದ್ದನ್ನು ಸೇರಿಸಬೇಡಿ ಎಂದಿರಿ, ಇದ್ದದ್ದನ್ನು ಬಿಡುವ ಹಕ್ಕೂ ನನಗಿಲ್ಲ.

ಡಿಸೆಂಬರ್‌ನಲ್ಲಿ ಒಂದು ದಿನ ಆ ಕಪಾಟಿನ ಹಿಂದಿನಿಂದ ನಗು ಕೇಳಿಸಿತು. ಸಣ್ಣ ನಗುವಲ್ಲ, ತಡೆಯಲಾರದೆ ಉಕ್ಕಿ ಬಂದದ್ದು. ಕಿಟಕಿಯಲ್ಲಿ ಏನಾದರೂ ಕಂಡಿತೋ, ತೆರೆದ ಪುಟದಲ್ಲಿ ಚಿತ್ರವಿತ್ತೋ, ಏನಾದರೂ ನೆನಪಾಯಿತೋ ತಿಳಿಯದು. ನೂರಾ ಹದಿನೆಂಟು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ನಾನು ಮೇಜು ತಟ್ಟಿ "ಶ್" ಎಂದೆ.

ಅವಳು ನಿಲ್ಲಿಸಿದಳು. ಯಾಕೆ ನಕ್ಕಳೆಂದು ನಾನು ಕೇಳಲಿಲ್ಲ.

ಲೈಬ್ರರಿಯವಳು